ಮಾತೃಭಾಷೆಯ ಕಾಲಂ ಮತ್ತು ನಮ್ಮ ಓಟು

ಪುತ್ತೂರು, ಸುಳ್ಯ, ಮಂಗಳೂರು ಕಡೆಯ ನೆಂಟರಿಷ್ಟರು ಮದುವೆ ಮುಂಜಿಯಲ್ಲಿ ಸಿಕ್ಕಾಗಲೆಲ್ಲ ಕಾಸರಗೋಡಿನ ಅಧ್ಯಾಪಕರಾದ ನಮ್ಮನ್ನು ಕೇಳುವ ಪ್ರಶ್ನೆ ಒಂದೇ. "ನಿಮ್ಮಲ್ಲಿ ಈಗ ಕನ್ನಡಿಗರು ಎಷ್ಟು ಮಂದಿ ಉಂಟು?" ಪ್ರಶ್ನೆ ಸಣ್ಣದು. ಉತ್ತರ ಹೇಳಲು ಹೊರಟರೆ ಮಾತ್ರ ಊಟದ ಪಂಕ್ತಿ ಏಳುವ ತನಕವೂ ಮುಗಿಯುವುದಿಲ್ಲ. ಕೆಲವರು ಲಕ್ಷಗಟ್ಟಲೆ ಅನ್ನುತ್ತಾರೆ. ಕೆಲವರು "ಇನ್ನೆಲ್ಲಿ ಮಾರಾಯ್ರೆ, ಮುಗಿಯಿತಲ್ಲ" ಅನ್ನುತ್ತಾರೆ. ಇಬ್ಬರ ಹತ್ತಿರವೂ ಲೆಕ್ಕ ಇರುವುದಿಲ್ಲ.

ಲೆಕ್ಕ ಇಲ್ಲವೆಂದಲ್ಲ. ನಮ್ಮನ್ನು ಮೂರು ಕಡೆ ಎಣಿಸುತ್ತಾರೆ. ಒಂದು, ಹತ್ತು ವರ್ಷಕ್ಕೊಮ್ಮೆ ಬರಬೇಕಾದ ಜನಗಣತಿ. ಎರಡು, ಮತದಾರರ ಪಟ್ಟಿ ಮತ್ತು ಓಟಿನ ಎಣಿಕೆ. ಮೂರು, ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಾಡುವ ಮಕ್ಕಳ ಎಣಿಕೆ. ವಿಚಿತ್ರ ನೋಡಿ, ಈ ಮೂರು ಕೆಲಸದಲ್ಲೂ ನಾವು ಅಧ್ಯಾಪಕರೇ ಕೈ ಹಾಕಬೇಕು. ಮನೆ ಮನೆಗೆ ಹೋಗುವವರೂ ನಾವೇ, ಬೂತಿನಲ್ಲಿ ಕುಳಿತು ಬೆರಳಿಗೆ ಶಾಯಿ ಹಚ್ಚುವವರೂ ನಾವೇ, ತರಗತಿಯಲ್ಲಿ ತಲೆ ಎಣಿಸುವವರೂ ನಾವೇ. ಆದ್ದರಿಂದ ಇದರ ಬಗ್ಗೆ ನಾವು ಬರೆಯದಿದ್ದರೆ ಇನ್ನಾರು ಬರೆಯಬೇಕು?

ಮೊದಲು ಜನಗಣತಿ. 2011ರ ಗಣತಿಯ ಪ್ರಕಾರ ಕೇರಳದ ಜನಸಂಖ್ಯೆ 3 ಕೋಟಿ 34 ಲಕ್ಷ. ಅದರಲ್ಲಿ ನೂರಕ್ಕೆ 97ರಷ್ಟು ಮಂದಿಯ ಮಾತೃಭಾಷೆ ಮಲಯಾಳ. ಇಷ್ಟು ಒಂದೇ ಭಾಷೆಯ ರಾಜ್ಯ ನಮ್ಮ ದೇಶದಲ್ಲಿ ಅಪರೂಪ. ಆದರೆ ಉತ್ತರದ ತುದಿಯ ಕಾಸರಗೋಡು ಜಿಲ್ಲೆಗೆ ಬಂದರೆ ಚಿತ್ರ ಬೇರೆ. ಜಿಲ್ಲೆಯ ಜನಸಂಖ್ಯೆ 13 ಲಕ್ಷದ 7 ಸಾವಿರ. ಮಲಯಾಳ ಮಾತೃಭಾಷೆಯವರು ನೂರಕ್ಕೆ 82. ಉಳಿದ 18ರಲ್ಲಿ ತುಳುವಿಗೆ ಸುಮಾರು 9, ಕನ್ನಡಕ್ಕೆ 4 ಚಿಲ್ಲರೆ. ಮಿಕ್ಕಿದ್ದು ಕೊಂಕಣಿ, ಮರಾಠಿ, ಉರ್ದು ಮುಂತಾದ ಭಾಷೆಗಳಿಗೆ.

ಈ "4 ಚಿಲ್ಲರೆ" ಎಂಬ ಅಂಕೆಯನ್ನು ಹಿಡಿದುಕೊಂಡು ಎಷ್ಟೋ ಮಂದಿ ನಮ್ಮೊಡನೆ ವಾದ ಮಾಡುತ್ತಾರೆ. "ನಾಲ್ಕು ಪರ್ಸೆಂಟಿಗೆ ಎಷ್ಟು ಶಾಲೆ, ಎಷ್ಟು ಅಧ್ಯಾಪಕರು, ಎಷ್ಟು ಪುಸ್ತಕ ಬೇಕು ನಿಮಗೆ?" ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ನಮ್ಮ ಒಂದು ತರಗತಿಗೆ ಬಂದು ನೋಡಲಿ. ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗಿಯ ಮನೆಯಲ್ಲಿ ತುಳು. ಪಕ್ಕದವಳದ್ದು ಹವ್ಯಕ ಕನ್ನಡ. ಹಿಂದೆ ಕುಳಿತವನ ಮನೆಯಲ್ಲಿ ಕೊಂಕಣಿ, ಅವನಾಚೆಗಿನವನದ್ದು ಮರಾಠಿ. ಕಿಟಕಿ ಹತ್ತಿರದವನದ್ದು ಬ್ಯಾರಿ ಭಾಷೆ. ಮನೆಯಲ್ಲಿ ಪುಸ್ತಕದ ಕನ್ನಡವನ್ನೇ ಆಡುವ ಮಗು ಹುಡುಕಿದರೆ ಒಂದೋ ಎರಡೋ. ಆದರೆ ಅವರೆಲ್ಲ ಅಕ್ಷರ ಕಲಿತದ್ದು ಕನ್ನಡದಲ್ಲಿ. ಅವರ ಅಪ್ಪ ಅಮ್ಮ ಸೊಸೈಟಿಯಲ್ಲಿ ಸಹಿ ಹಾಕುವುದು ಕನ್ನಡದಲ್ಲಿ. ಮದುವೆ ಕಾಗದ ಅಚ್ಚಾಗುವುದು ಕನ್ನಡದಲ್ಲಿ, ಯಕ್ಷಗಾನದ ಅರ್ಥ ಕೇಳುವುದು ಕನ್ನಡದಲ್ಲಿ. ಕೊಂಕಣಿಯ ಪ್ರಾರ್ಥನೆ ಪುಸ್ತಕ ಓದುವುದು ಕೂಡ ಕನ್ನಡ ಲಿಪಿಯಲ್ಲಿ.

ನಮ್ಮಲ್ಲಿ ಕನ್ನಡ ಬಹುಪಾಲು ಮಂದಿಗೆ ಅಡುಗೆ ಮನೆಯ ಭಾಷೆಯಲ್ಲ. ಅದು ಜಗಲಿಯ ಭಾಷೆ. ನಾಲ್ಕು ಮನೆಯವರು ಸೇರಿದಾಗ, ಓದುವಾಗ, ಬರೆಯುವಾಗ, ಅರ್ಜಿ ಹಾಕುವಾಗ ಬೇಕಾಗುವ ಭಾಷೆ. ಜನಗಣತಿಯ ಮಾತೃಭಾಷೆಯ ಕಾಲಂ ಕೇಳುವುದು ಅಡುಗೆ ಮನೆಯ ಭಾಷೆಯನ್ನು. ಬಾಲ್ಯದಲ್ಲಿ ತಾಯಿ ಯಾವ ಭಾಷೆಯಲ್ಲಿ ಮಾತಾಡಿಸಿದಳೋ ಅದು ಮಾತೃಭಾಷೆ ಎಂದು ನಿಯಮ. ತುಳುವಿನ ತಾಯಿ ತುಳು ಎಂದೇ ಬರೆಸುತ್ತಾಳೆ, ಬರೆಸಬೇಕಾದ್ದೂ ಹಾಗೆಯೇ. ಹಾಗಾಗಿ ಕನ್ನಡ ಶಾಲೆಯ ಮಕ್ಕಳ ಬಹುಪಾಲು ಮನೆಗಳು ಆ "4 ಚಿಲ್ಲರೆ"ಯ ಒಳಗೆ ಬರುವುದೇ ಇಲ್ಲ. ತುಳು ಮತ್ತು ಕನ್ನಡ ಎರಡನ್ನೇ ಕೂಡಿಸಿದರೂ 13 ಆಗುತ್ತದೆ, ಮೂರು ಪಟ್ಟಿಗೂ ಹೆಚ್ಚು.

ಇದು ಬರಿಯ ಪ್ರತಿಷ್ಠೆಯ ಲೆಕ್ಕವಲ್ಲ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆಂದು ಒಂದು ಮೆಮೊರಾಂಡಂ ಹೊರಡಿಸಿತು. ಒಂದು ಜಿಲ್ಲೆಯಲ್ಲಿ ಅಥವಾ ತಾಲೂಕು, ಪುರಸಭೆಯಂಥ ಸಣ್ಣ ಪ್ರದೇಶದಲ್ಲಿ ನೂರಕ್ಕೆ 15ರಿಂದ 20ರಷ್ಟು ಮಂದಿ ಒಂದು ಭಾಷೆಯವರಿದ್ದರೆ ಮುಖ್ಯವಾದ ಸರ್ಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸುವುದು ಒಳ್ಳೆಯದು ಎಂದು ಅದರಲ್ಲಿದೆ. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಮಾಡಿಕೊಡಬೇಕೆಂದು ಹೇಳುತ್ತದೆ. ಎಲ್ಲದಕ್ಕೂ ಕೊನೆಗೆ ಬೇಕಾಗುವುದು ಅಂಕೆಯೇ. ಕಾಗದದಲ್ಲಿ 4 ಇದ್ದರೆ 4ರ ಮರ್ಯಾದೆ, 15 ಇದ್ದರೆ 15ರ ಮರ್ಯಾದೆ.

ಇನ್ನು ಓಟಿನ ಕಥೆ. ನಮ್ಮ ಹಿರಿಯರ ಕಾಲದಲ್ಲಿ ಇಲ್ಲಿ ಓಟು ಎಂದರೆ ಭಾಷೆಯೇ ಆಗಿತ್ತು. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮರುವರ್ಷ ಕೇರಳದ ಮೊದಲ ಚುನಾವಣೆ. ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಒಂದು ಓಟೂ ಚಲಾವಣೆಯಾಗದೆ ಇಡೀ ಊರು ತನ್ನ ಅಭಿಪ್ರಾಯ ಹೇಳಿತ್ತು. ಆಮೇಲೆ 1960, 1965, 1967, ಮೂರು ಸಲ ಕೆ. ಮಹಾಬಲ ಭಂಡಾರಿಯವರು ಗೆದ್ದರು. ಅವರೂ ಪಕ್ಷೇತರರು, ಕರ್ನಾಟಕ ಸಮಿತಿಯವರು. 1965ರಲ್ಲಿ ಗೆದ್ದವರಿಗೆ ಸಭೆಗೆ ಹೋಗುವ ಯೋಗವೂ ಇರಲಿಲ್ಲ. ಯಾರಿಗೂ ಬಹುಮತ ಬಾರದೆ ಆ ವಿಧಾನಸಭೆ ಸೇರದೆಯೇ ವಿಸರ್ಜನೆಯಾಯಿತು. 1967ರಲ್ಲಿ ಕಾಸರಗೋಡು ಕ್ಷೇತ್ರದಿಂದಲೂ ಸಮಿತಿಯ ಯು. ಪಿ. ಕುಣಿಕುಳ್ಳಾಯರು ಗೆದ್ದರು. ಅದೇ ವರ್ಷ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿ ಕೊಟ್ಟಿತು. ವರದಿ ಜಾರಿಗೆ ಬರಲಿಲ್ಲ.

ಆ ಮೇಲೆ ಓಟಿನ ದಾರಿ ಬದಲಾಯಿತು. 1970ರಲ್ಲಿ ಮಂಜೇಶ್ವರದಲ್ಲಿ ಸಿಪಿಐಯ ಎಂ. ರಾಮಪ್ಪ ಗೆದ್ದರು, 1977ರಲ್ಲೂ ಅವರೇ. 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್ ಗೆದ್ದರು, 1980ರ ನಾಯನಾರ್ ಮಂತ್ರಿಮಂಡಲದಲ್ಲಿ ನೀರಾವರಿ ಮಂತ್ರಿಯೂ ಆದರು. 1987ರಿಂದ ನಾಲ್ಕು ಸಲ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ, 2006ರಲ್ಲಿ ಸಿಪಿಎಂನ ಸಿ. ಎಚ್. ಕುಞಂಬು, 2011 ಮತ್ತು 2016ರಲ್ಲಿ ಲೀಗಿನ ಪಿ. ಬಿ. ಅಬ್ದುಲ್ ರಜಾಕ್. 1987ರಿಂದಲೇ ಬಿಜೆಪಿ ಇಲ್ಲಿ ಬಲವಾಗಿ ಬೆಳೆಯಿತು. ಕೇರಳದ ಉಳಿದ ಕಡೆ ಎಡರಂಗ, ಐಕ್ಯರಂಗ ಎಂಬ ಎರಡು ಪಾಲಿನ ಆಟವಾದರೆ ಮಂಜೇಶ್ವರದಲ್ಲಿ ಯಾವತ್ತೂ ಮೂರು ಪಾಲು.

ಲೋಕಸಭೆಯದ್ದೂ ಗಮನಿಸಬೇಕಾದ ಕಥೆ. ಕಾಸರಗೋಡಿನಿಂದ ಮೊದಲ ಮೂರು ಸಲ ಎ. ಕೆ. ಗೋಪಾಲನ್ ಗೆದ್ದದ್ದು ಎಲ್ಲರಿಗೂ ಗೊತ್ತುಂಟು. ಆದರೆ 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, 1989 ಮತ್ತು 1991ರಲ್ಲಿ ಪುನಃ ರಾಮಣ್ಣ ರೈ. ಹದಿನಾರು ವರ್ಷ ದೆಹಲಿಯಲ್ಲಿ ನಮ್ಮ ಜಿಲ್ಲೆಯನ್ನು ಪ್ರತಿನಿಧಿಸಿದವರು ತುಳು ಕನ್ನಡದ ಮನೆಗಳಿಂದ ಬಂದವರು. ಅದೂ ಒಂದಕ್ಕೊಂದು ಎದುರಾದ ಎರಡು ಪಕ್ಷಗಳಿಂದ. 1996ರ ನಂತರ ಅಂಥ ಹೆಸರು ಗೆದ್ದವರ ಪಟ್ಟಿಯಲ್ಲಿ ಕಾಣಿಸಲಿಲ್ಲ. ಏಳು ವಿಧಾನಸಭಾ ಕ್ಷೇತ್ರ ಸೇರಿದ ಲೋಕಸಭಾ ಕ್ಷೇತ್ರದಲ್ಲಿ ಮಂಜೇಶ್ವರ ಏಳರಲ್ಲಿ ಒಂದು ಪಾಲು ಮಾತ್ರ.

ಇಲ್ಲೊಂದು ಸಣ್ಣ ಗಣಿತ ಮಾಡೋಣ, ಅಧ್ಯಾಪಕರಲ್ಲವೇ! ಕೇರಳದಲ್ಲಿ ಶಾಸಕರು 140. 3 ಕೋಟಿ 34 ಲಕ್ಷವನ್ನು ಭಾಗಿಸಿದರೆ ಒಬ್ಬ ಶಾಸಕನಿಗೆ 2 ಲಕ್ಷದ 38 ಸಾವಿರ ಜನ. ಜಿಲ್ಲೆಯ ಕನ್ನಡ, ತುಳು ಎರಡೂ ಸೇರಿ 1 ಲಕ್ಷದ 70 ಸಾವಿರ. ಅಂದರೆ ಎಲ್ಲರೂ ಒಂದೇ ಕಡೆ ವಾಸವಿದ್ದು ಒಂದೇ ಗುರುತಿಗೆ ಓಟು ಹಾಕಿದರೂ ಒಬ್ಬ ಶಾಸಕನ ಪಾಲಿನಷ್ಟು ಆಗುವುದಿಲ್ಲ. ನಾವು ಒಂದೇ ಕಡೆ ಇಲ್ಲವೂ ಇಲ್ಲ. ಕುಂಬಳೆ, ಪೈವಳಿಕೆ, ಎಣ್ಮಕಜೆ, ವರ್ಕಾಡಿ, ಮೀಂಜ ಮಂಜೇಶ್ವರ ಕ್ಷೇತ್ರಕ್ಕೆ. ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮಧೂರು ಕಾಸರಗೋಡಿಗೆ. ದೇಲಂಪಾಡಿ ಉದುಮಕ್ಕೆ. ಒಂದೇ ಭಾಷೆಯ ಜಗಲಿ, ಮೂರು ಕ್ಷೇತ್ರ. ಅದರ ಮೇಲೆ ಪಕ್ಷ, ಜಾತಿ, ಧರ್ಮ ಎಂದು ಮತ್ತೆ ಹರಿದು ಹಂಚಿಹೋದ ಓಟು. ಒಂದೇ ಮನೆಯ ಅಣ್ಣ ತಮ್ಮಂದಿರು ಬೇರೆ ಬೇರೆ ಪಕ್ಷದ ಏಜೆಂಟರಾಗಿ ಬೂತಿನಲ್ಲಿ ಎದುರುಬದುರು ಕುಳಿತು, ಮಧ್ಯಾಹ್ನ ಒಂದೇ ಬುತ್ತಿಯಿಂದ ಊಟ ಮಾಡಿದ್ದನ್ನು ನಾವು ಡ್ಯೂಟಿಯಲ್ಲಿದ್ದಾಗ ಕಂಡದ್ದುಂಟು. ಅದು ತಪ್ಪಲ್ಲ, ಪ್ರಜಾಪ್ರಭುತ್ವವೇ ಹಾಗೆ. ಆದರೆ "ಕನ್ನಡದ ಓಟು" ಎಂಬುದು 1967ರ ನಂತರ ಒಂದು ಗಂಟಾಗಿ ಉಳಿಯಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಅದಕ್ಕೆ ಬೆಲೆ ಇಲ್ಲವೇ? ಉಂಟು. 2016ರಲ್ಲಿ ಮಂಜೇಶ್ವರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಕೇವಲ 89 ಓಟು. ನಮ್ಮ ಶಾಲೆಯ ರಕ್ಷಕ ಶಿಕ್ಷಕ ಸಂಘದ ಮಹಾಸಭೆಗೆ ಅದಕ್ಕಿಂತ ಹೆಚ್ಚು ಮಂದಿ ಸೇರುತ್ತಾರೆ! 2021ರಲ್ಲಿ ಅಂತರ 745. ಇಂಥ ಕ್ಷೇತ್ರದಲ್ಲಿ ಯಾವ ಪಕ್ಷವೂ ಯಾವ ಭಾಷೆಯನ್ನೂ ಬಿಟ್ಟುಬಿಡುವ ಹಾಗಿಲ್ಲ. ಅದಕ್ಕೇ ನೋಡಿ, ಚುನಾವಣೆ ಬಂತೆಂದರೆ ಜೀಪಿನ ಮೈಕು ಮಲಯಾಳ, ಕನ್ನಡ, ತುಳು ಮೂರರಲ್ಲೂ ಕೂಗುತ್ತದೆ. ಗೋಡೆ ಬರಹ ಕನ್ನಡದಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಏಳುತ್ತದೆ. ಚುನಾವಣೆ ಮುಗಿದ ಮೇಲೆ ಅದೇ ಮನೆಗೆ ಬರುವ ಅರ್ಜಿ ಫಾರಂ ಮಲಯಾಳದಲ್ಲಿ ಮಾತ್ರ. ಓಟು ಕೇಳುವಾಗ ಬಂದ ಕನ್ನಡ ಕೆಲಸ ಮಾಡುವಾಗ ಎಲ್ಲಿ ಹೋಯಿತು ಎಂದು ಕೇಳಬೇಕಾದವರು ನಾವು.

ಭಾಷೆಯನ್ನು ಪ್ರತಿನಿಧಿಸುವುದು ಒಂದು ಜಾತಿಯ, ಒಂದು ಧರ್ಮದ ಗುತ್ತಿಗೆ ಅಲ್ಲ ಎಂಬುದಕ್ಕೂ ಮಂಜೇಶ್ವರವೇ ಸಾಕ್ಷಿ. 2016ರಲ್ಲಿ ತಿರುವನಂತಪುರದ ವಿಧಾನಸಭೆಯಲ್ಲಿ ಅಬ್ದುಲ್ ರಜಾಕ್ ಕನ್ನಡದಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. 2021ರಲ್ಲಿ ಎ. ಕೆ. ಎಂ. ಅಶ್ರಫ್ ಕೂಡ ಕನ್ನಡದಲ್ಲೇ ಸ್ವೀಕರಿಸಿದರು. ಆ ದಿನವೇ ಇಡುಕ್ಕಿಯ ದೇವಿಕುಳಂನ ಎ. ರಾಜ ತಮಿಳಿನಲ್ಲಿ ಪ್ರಮಾಣ ವಚನ ಓದಿದರು. ಮರುದಿನ ತರಗತಿಯಲ್ಲಿ ಈ ಸುದ್ದಿ ಓದಿಸಿದರೆ ಮಕ್ಕಳ ಮುಖ ಅರಳುತ್ತದೆ. ಕನ್ನಡ ಶಾಲೆಯಲ್ಲಿ ಕಲಿತದ್ದನ್ನು ಅಲ್ಲಿ, ಅಷ್ಟು ದೊಡ್ಡ ಸಭೆಯಲ್ಲಿ ಹೇಳಬಹುದು ಎಂದು ಅವರಿಗೆ ಗೊತ್ತಾಗುತ್ತದೆ. ಆದರೆ ಅರ್ಧ ನಿಮಿಷದ ಪ್ರಮಾಣ ವಚನದಿಂದ ಮಗ್ಗಿ ಪುಸ್ತಕವೂ ಬರುವುದಿಲ್ಲ, ಖಾಲಿ ಹುದ್ದೆಗೆ ಅಧ್ಯಾಪಕರೂ ಬರುವುದಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗ ಮಕ್ಕಳು, ಹೆತ್ತವರು ಗೇಟಿನೆದುರು ಕುಳಿತದ್ದು ನಮ್ಮ ಜಿಲ್ಲೆಯಲ್ಲಿ ಒಂದು ಸಲ ಅಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವೆಂದು ಕಾನೂನು ಬಂದಾಗಲೂ ರಸ್ತೆಗೆ ಇಳಿಯಬೇಕಾಯಿತು. ಮಲಯಾಳ ಕಲಿಯಬಾರದೆಂದು ನಮ್ಮವರು ಯಾರೂ ಹೇಳಲಿಲ್ಲ. ಅದು ನಮ್ಮ ರಾಜ್ಯದ ಭಾಷೆ, ಪೇಟೆಗೂ ಆಸ್ಪತ್ರೆಗೂ ಕೆಲಸಕ್ಕೂ ಬೇಕು. ಕನ್ನಡವನ್ನು ಬದಿಗೆ ಸರಿಸಿ ಬೇಡ ಎಂದರು, ಅಷ್ಟೇ.

ಮತದಾರರ ಪಟ್ಟಿಯ ಬಗ್ಗೆ ಒಂದು ಮಾತು. 2025ರ ನವೆಂಬರ್ 4ರಂದು ಕೇರಳದಲ್ಲಿ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. 2002ರ ಪಟ್ಟಿಯಲ್ಲಿ ತಮ್ಮ ಅಥವಾ ಹೆತ್ತವರ ಹೆಸರು ತೋರಿಸಬೇಕು. ಗಡಿನಾಡಿನ ಹೆಣ್ಣುಮಕ್ಕಳ ಕಷ್ಟ ಆಗ ಗೊತ್ತಾಯಿತು. ನಮ್ಮಲ್ಲಿ ಅರ್ಧಕ್ಕರ್ಧ ಸೊಸೆಯಂದಿರು ಬಂಟ್ವಾಳ, ಪುತ್ತೂರು, ಸುಳ್ಯದ ಕಡೆಯವರು. ಅವರ ಅಪ್ಪ ಅಮ್ಮನ ಹೆಸರು ಕರ್ನಾಟಕದ ಹಳೆಯ ಪಟ್ಟಿಯಲ್ಲಿ, ಕನ್ನಡ ಅಕ್ಷರದಲ್ಲಿ. ಮನೆಗೆ ಬಂದ ಬಿಎಲ್ಓಗೆ ಮಲಯಾಳ ಮಾತ್ರ ಬಂದರೆ ಅದನ್ನು ಓದುವವರು ಯಾರು? ಸಂಜೆ ಶಾಲೆ ಬಿಟ್ಟ ಮೇಲೆ ನಾವು ಮೂರು ನಾಲ್ಕು ಮಂದಿ ಅಧ್ಯಾಪಕರು ಮೊಬೈಲಿನಲ್ಲಿ ಆ ಪಟ್ಟಿಗಳನ್ನು ತೆರೆದು, ತವರಿನ ವಾರ್ಡು, ಮತಗಟ್ಟೆ ಹುಡುಕಿ, ಕ್ರಮಸಂಖ್ಯೆ ಬರೆದುಕೊಟ್ಟೆವು. ಹತ್ತನೆಯ ತರಗತಿ ಕನ್ನಡದಲ್ಲಿ ಓದಿದ ಹಳೆ ವಿದ್ಯಾರ್ಥಿಗಳೂ ಕೈ ಜೋಡಿಸಿದರು. ಹೆಸರು ಉಳಿದ ಒಬ್ಬ ಅಕ್ಕ, "ಕನ್ನಡ ಶಾಲೆಯಿಂದ ಏನು ಪ್ರಯೋಜನ ಅಂತ ಕೇಳ್ತಾರಲ್ಲ ಮಾಷ್ಟ್ರೆ, ಇದನ್ನು ಹೇಳಿ ಅವರಿಗೆ" ಅಂದರು.

ಮೂರನೆಯ ಎಣಿಕೆ ಆರನೆಯ ಕೆಲಸದ ದಿನದ್ದು. ಆ ದಿನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅದರ ಮೇಲೆ ಡಿವಿಜನ್, ಡಿವಿಜನಿನ ಮೇಲೆ ಹುದ್ದೆ. ಇಲ್ಲಿ ಸರ್ಕಾರವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕನ್ನಡ ಹೋರಾಟದ ವೇದಿಕೆಯಲ್ಲಿ ಗಟ್ಟಿಯಾಗಿ ಮಾತಾಡುವವರ ಮಕ್ಕಳ ಬಸ್ಸು ಬೆಳಿಗ್ಗೆ ನಮ್ಮ ಶಾಲೆಯ ಮುಂದೆಯೇ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತದೆ. ಬೇಡ ಎನ್ನುವ ಹಕ್ಕು ನಮಗಿಲ್ಲ, ಅವರವರ ಮಕ್ಕಳ ಭವಿಷ್ಯ ಅವರವರದ್ದು. ಆದರೆ ಓಟಿನ ಪಟ್ಟಿಯಲ್ಲಿ ಹೆಸರಿದ್ದು ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಶಾಸಕರು ಕೂಡ ಯಾವ ಮುಖ ಹೊತ್ತು ಹುದ್ದೆ ಕೇಳಬೇಕು?

ಈಗ ಮುಖ್ಯ ವಿಷಯ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಗಣತಿ ಮಾಡುವುದೆಂದು ಕೇಂದ್ರ ಸರ್ಕಾರ 2025ರ ಜೂನಿನಲ್ಲಿ ಪ್ರಕಟಿಸಿತು. ನಮ್ಮ ಪಾಲಿಗೆ ಇದು ಹಿಂದಿನ ಗಣತಿಗಳ ಹಾಗಲ್ಲ. 2011ರಲ್ಲಿ ಜಿಲ್ಲೆಯಲ್ಲಿದ್ದದ್ದು ಕಾಸರಗೋಡು, ಹೊಸದುರ್ಗ ಎರಡೇ ತಾಲೂಕು. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಅಂದರೆ ಮಂಜೇಶ್ವರ ತಾಲೂಕಿನ ಭಾಷೆಗಳ ಲೆಕ್ಕ ಬೇರೆಯಾಗಿ ಸಿಗುವುದು ಇದೇ ಮೊದಲು. ಇಷ್ಟು ದಿನ ಜಿಲ್ಲೆಯ ಸರಾಸರಿಯ ಕೆಳಗೆ ಅಡಗಿದ್ದ ಊರು ಈ ಸಲ ತನ್ನ ಹೆಸರಿನಲ್ಲೇ ನಿಲ್ಲುತ್ತದೆ. ಅಲ್ಲಿ ಬಂದ ಅಂಕೆ ಮುಂದಿನ ಗಣತಿಯ ತನಕ ನಮ್ಮ ಹಣೆಯಲ್ಲಿ ಬರೆದ ಹಾಗೆ.

ಹಿಂದಿನ ಗಣತಿಗಳಲ್ಲಿ ಭಾಷೆಗೆ ಎರಡು ಪ್ರಶ್ನೆ ಇತ್ತು. ಒಂದು ಮಾತೃಭಾಷೆ. ಇನ್ನೊಂದು, ತಿಳಿದಿರುವ ಇತರ ಭಾಷೆಗಳು, ಹೆಚ್ಚೆಂದರೆ ಎರಡು. ಮೊದಲನೆಯದನ್ನು ಎಲ್ಲರೂ ಬರೆಸುತ್ತಾರೆ. ಎರಡನೆಯದು ಎಷ್ಟೋ ಮನೆಯಲ್ಲಿ ಖಾಲಿ. 2011ರಲ್ಲಿ ಮನೆ ಮನೆ ಸುತ್ತುವಾಗ ಒಬ್ಬರು ಅಜ್ಜಿ ನಮ್ಮನ್ನು ಕೇಳಿದ್ದರು, "ನಮ್ಮದು ತುಳು ಅಲ್ವಾ ಮಾಷ್ಟ್ರೆ, ಮತ್ತೆ ಕನ್ನಡ ಅಂತ ಬರೆಸುವುದು ಹೇಗೆ?" ನಿತ್ಯ ಕನ್ನಡ ಪೇಪರು ಓದುವ ಅಜ್ಜಿ ಅವರು! ತುಳು ಬರೆಸಿದರೆ ಕನ್ನಡ ಬಿಟ್ಟುಹೋಯಿತು ಎಂದು ಅವರು ತಿಳಿದಿದ್ದರು. ಎರಡನ್ನೂ ಬರೆಸಬಹುದು ಎಂದು ಹೇಳುವವರು ಬೇಕು, ಅಷ್ಟೆ. ಆ ಎರಡನೆಯ ಕಾಲಂನ ಲೆಕ್ಕವನ್ನೂ ಸರ್ಕಾರ ಪ್ರಕಟಿಸುತ್ತದೆ.

ಆದ್ದರಿಂದ ಕನ್ನಡ ಶಾಲೆಗಳ ಹೆತ್ತವರಲ್ಲಿ, ಹಳೆ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟು. ಮಾತೃಭಾಷೆಯ ಕಾಲಂನಲ್ಲಿ ಸತ್ಯವನ್ನೇ ಬರೆಸಿ. ತುಳು ಇದ್ದರೆ ತುಳು, ಕೊಂಕಣಿ ಇದ್ದರೆ ಕೊಂಕಣಿ. ತಾಯಿಯ ಭಾಷೆಯನ್ನು ಮುಚ್ಚಿಟ್ಟು ಕನ್ನಡವನ್ನು ಉಳಿಸಬೇಕಾಗಿಲ್ಲ. ಯಜಮಾನರು ಒಬ್ಬರೇ ಜಗಲಿಯಲ್ಲಿ ಕುಳಿತು ಎಲ್ಲರದ್ದೂ ಒಂದೇ ಎಂದು ಹೇಳಿ ಕಳಿಸಬೇಡಿ. ಪ್ರತಿಯೊಬ್ಬರ ಭಾಷೆ ಬೇರೆ ಬೇರೆಯಾಗಿ ಬರೆಯಬೇಕಾದ್ದು, ಸೊಸೆಯದ್ದು ಕನ್ನಡವಾದರೆ ಅವಳದ್ದು ಕನ್ನಡ. ಇತರ ಭಾಷೆಗಳ ಪ್ರಶ್ನೆ ಈ ಸಲವೂ ಇದ್ದರೆ ಅದನ್ನು ಖಾಲಿ ಬಿಡಬೇಡಿ. ಓದಲು ಬರೆಯಲು ಬರುವ ಭಾಷೆ ಕನ್ನಡವಾದರೆ ಅಲ್ಲಿ ಮೊದಲು ಕನ್ನಡ, ಆಮೇಲೆ ಮಲಯಾಳ. ಎರಡೇ ಜಾಗ ಇರುವುದರಿಂದ ಅಲ್ಪಸ್ವಲ್ಪ ಬರುವ ಇಂಗ್ಲಿಷನ್ನು ಹೆಮ್ಮೆಗೆಂದು ತುಂಬಿಸಿ ಚೆನ್ನಾಗಿ ಬರುವ ಕನ್ನಡವನ್ನು ಹೊರಗಿಡಬೇಡಿ. ಬರೆದದ್ದನ್ನು ಒಮ್ಮೆ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಶಾಲೆಯ ಮುಂದಿನ ಹೆತ್ತವರ ಸಭೆಯಲ್ಲಿ ಈ ವಿಷಯಕ್ಕೆ ಹದಿನೈದು ನಿಮಿಷ ಇಡಬೇಕೆಂದು ನಾವು ಮಾತಾಡಿಕೊಂಡಿದ್ದೇವೆ. ಕರಿಹಲಗೆಯಲ್ಲಿ ಎರಡು ಕಾಲಂ ಬರೆದು ತೋರಿಸಿದರೆ ಸಾಕು, ನಮ್ಮ ಅಮ್ಮಂದಿರಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಡ. ಬದಿಯಡ್ಕ, ಎಣ್ಮಕಜೆ, ದೇಲಂಪಾಡಿ ಕಡೆಯ ಶಾಲೆಗಳವರೂ ಹಾಗೆಯೇ ಮಾಡಿದರೆ ಒಳ್ಳೆಯದಿತ್ತು. ತಾಳವಾಡಿಯಲ್ಲಿ, ಅಕ್ಕಲಕೋಟೆಯಲ್ಲಿ, ರಾಯದುರ್ಗದಲ್ಲಿ ಕನ್ನಡ ಶಾಲೆ ನಡೆಸುತ್ತಿರುವ ಮಿತ್ರರೂ ತಮ್ಮ ತಾಲೂಕಿನ ಲೆಕ್ಕ ಒಮ್ಮೆ ತೆಗೆದು ನೋಡಿ. ನಿಮ್ಮಲ್ಲಿ ಹೇಗುಂಟು, ತಿಳಿಸಿ.